ನಾನು ನೋಡದ ರುಚಿ

ಹೊರಗೆ ತಿನ್ನುವುದು ನನ್ನ ಕೆಲಸಕ್ಕೆ ಅಂಟಿಕೊಂಡೇ ಬಂದದ್ದು. ಬೆಳಗಿನ ಜಾವ ಯಶವಂತಪುರದ ಯಾರ್ಡಿನಲ್ಲಿ ಈರುಳ್ಳಿ, ಆಲೂಗಡ್ಡೆ ಮೂಟೆಗಳನ್ನು ನನ್ನ ಲಗೇಜ್ ಆಟೋಗೆ ಹೇರಿಕೊಂಡು ಹೊರಟರೆ ಹೋಟೆಲು ಹೋಟೆಲಿಗೆ ಇಳಿಸುತ್ತಾ ಹೋಗಬೇಕು. ಆರ್.ಟಿ. ನಗರದಲ್ಲಿ ಒಂದಷ್ಟು, ಹೆಬ್ಬಾಳದಲ್ಲಿ ಒಂದಷ್ಟು, ಆಮೇಲೆ ತಣಿಸಂದ್ರದ ಬಿರಿಯಾನಿ ಹೋಟೆಲುಗಳು, ಕೊನೆಗೆ ಯಲಹಂಕ. ಮೂಟೆ ಇಳಿಸಿದ ಕಡೆಯೆಲ್ಲ ‘ಏನಾದ್ರೂ ತಿಂದ್ಕೊಂಡು ಹೋಗು ಗುರು’ ಎನ್ನುತ್ತಾರೆ. ಬೇಡ ಎನ್ನಲು ನನಗೆ ಯಾವತ್ತೂ ಬಾಯಿ ಬಂದಿಲ್ಲ. ಯಾರ್ಡಿನ ಗೇಟಿನ ಹತ್ತಿರ ತಳ್ಳುಗಾಡಿಯ ತಟ್ಟೆ ಇಡ್ಲಿಯಿಂದ ಶುರುವಾದರೆ, ಆರ್.ಟಿ. ನಗರದಲ್ಲಿ ನಿಂತುಕೊಂಡೇ ಖಾರಾಬಾತು, ಹೆಬ್ಬಾಳದ ಮೇಲುಸೇತುವೆ ದಾಟಿದ ಮೇಲೆ ಒಂದು ಟೀ ಮತ್ತು ಬನ್ನು, ತಣಿಸಂದ್ರದಲ್ಲಿ ಆಗ ತಾನೇ ಮುಚ್ಚಳ ತೆಗೆದ ಬಿರಿಯಾನಿ. ಸಂಜೆ ಖಾಲಿ ಗಾಡಿಯಲ್ಲಿ ವಾಪಸು ಬರುವಾಗ ಎಲ್ಲೋ ಒಂದು ಕಡೆ ಎಗ್ ರೈಸೋ ಗೋಬಿಯೋ.

ಕೇಳಿದವರು ಪುಣ್ಯವಂತ ಎನ್ನುತ್ತಾರೆ. ನನಗೆ ಮಾತ್ರ ವರ್ಷಗಳಾದ ಮೇಲೆ ಎಲ್ಲ ಹೋಟೆಲೂ ಒಂದೇ ಹೋಟೆಲಾಗಿ ಕಾಣತೊಡಗಿದೆ. ಬೆಳಿಗ್ಗೆ ನಾಲಿಗೆಯ ಮೇಲೆ ಕುಳಿತ ಎಣ್ಣೆ ರಾತ್ರಿಯವರೆಗೂ ಏಳುವುದಿಲ್ಲ. ಮಧ್ಯಾಹ್ನದ ಹೊತ್ತಿಗೆ ಎದೆ ಉರಿ, ಸಂಜೆಗೆ ಗ್ಯಾಸಿನ ಮಾತ್ರೆ. ತಿನ್ನುವಾಗ ಅಂಥ ಸುಖವೇನೂ ಇಲ್ಲ. ಆದರೆ ಬಾಣಲೆಯಿಂದ ಹೊಗೆ ಏಳುತ್ತಿರುವ ಗಾಡಿಯ ಮುಂದೆ ಸುಮ್ಮನೆ ಹಾದು ಹೋಗುವುದಕ್ಕೂ ಆಗುವುದಿಲ್ಲ. ಕಾಲು ತಾನಾಗಿಯೇ ಬ್ರೇಕಿನ ಮೇಲೆ ಹೋಗುತ್ತದೆ.

ಇದು ನನ್ನ ಹೊಟ್ಟೆಯ ಪಾಡು ಮಾತ್ರ ಆಗಿದ್ದರೆ ಬರೆಯುವ ಕಾರಣವೇ ಇರಲಿಲ್ಲ. ಇದರಲ್ಲಿ ಅಕ್ಕ ಇದ್ದಾಳೆ.

ಕೊಡಿಗೇಹಳ್ಳಿಯಲ್ಲಿ ಒಂದು ಹಳೆಯ ಮನೆಯ ಹಿಂಭಾಗದಲ್ಲಿ ನಾನೂ ಅಕ್ಕನೂ ಬಾಡಿಗೆಗೆ ಇದ್ದೇವೆ. ಭಾವ ತೀರಿಕೊಂಡ ಮೇಲೆ ಅವಳು ನನ್ನ ಹತ್ತಿರ ಬಂದಳು. ನನಗೆ ಮದುವೆ ಕೂಡಿಬರಲಿಲ್ಲ. ನಾನು ಏಳನೇ ಕ್ಲಾಸಿಗೆ ಶಾಲೆ ಬಿಟ್ಟವನು, ಅವಳು ಅಷ್ಟೂ ಓದಿದವಳಲ್ಲ. ಅವಳಿಗೆ ಬರುತ್ತಿದ್ದದ್ದು ಅಡುಗೆ. ನಾಮಕರಣ, ತಿಥಿ, ಗೃಹಪ್ರವೇಶ ಎಂದರೆ ಸುತ್ತಮುತ್ತಲಿನವರು ಅವಳನ್ನೇ ಕರೆಯುತ್ತಿದ್ದರು. ಅವಳ ಬಸ್ಸಾರು ತಿಂದವರು ಅಡುಗೆಮನೆಯವರೆಗೂ ಬಂದು ಒಂದು ಮಾತು ಹೇಳಿ ಹೋಗುತ್ತಿದ್ದರು.

ಊರಿಗೆಲ್ಲ ಬಂದ ಜ್ವರ ಅವಳಿಗೂ ಬಂತು. ಜ್ವರ ಹೋಯಿತು, ಹೋಗುವಾಗ ವಾಸನೆಯನ್ನೂ ರುಚಿಯನ್ನೂ ಜೊತೆಗೆ ಕರೆದುಕೊಂಡು ಹೋಯಿತು. ಸ್ವಲ್ಪ ದಿನದಲ್ಲಿ ತಾನಾಗಿ ಬರುತ್ತದೆ ಎಂದು ಡಾಕ್ಟರು ಹೇಳಿದರು. ಬರಲಿಲ್ಲ. ಬಿಸಿ, ತಣ್ಣಗೆ, ಮೆಣಸಿನಕಾಯಿಯ ಉರಿ, ಇಷ್ಟು ಮಾತ್ರ ಅವಳಿಗೆ ತಿಳಿಯುತ್ತದೆ. ಮಿಕ್ಕದ್ದು ಒದ್ದೆ ಬಟ್ಟೆ ಅಗಿದ ಹಾಗೆ ಎನ್ನುತ್ತಾಳೆ.

“ಯಾರಿಗೂ ಬಾಯಿ ಬಿಡ್ಬೇಡ ಕಣೋ,” ಎಂದು ಆಗಲೇ ಹೇಳಿದ್ದಳು. “ಅಡುಗೆಯವಳಿಗೆ ನಾಲಿಗೆ ಸತ್ತಿದೆ ಅಂತ ಗೊತ್ತಾದ್ರೆ ಯಾರು ಕರೀತಾರೆ ನನ್ನ?”

ಆಗ ನಾವಿಬ್ಬರೂ ಒಂದು ಪದ್ಧತಿ ಮಾಡಿಕೊಂಡೆವು. ಉಪ್ಪು ಲೋಟದ ಅಳತೆ. ಒಗ್ಗರಣೆಗೆ ಸಾಸಿವೆಯ ಸದ್ದು. ಬೇಳೆ ಬೆಂದದ್ದು ಬೆರಳಿಗೆ, ಮಸಾಲೆ ಹುರಿದದ್ದು ಕಣ್ಣಿಗೆ. ಇವಿಷ್ಟರಲ್ಲಿ ಅವಳು ತಪ್ಪುತ್ತಿರಲಿಲ್ಲ. ಹುಳಿ ಹೆಚ್ಚಾಯಿತೋ, ತಳ ಸೀದಿತೋ, ಏನಾದರೂ ಹಳಸಿದೆಯೋ ಎನ್ನುವುದಕ್ಕೆ ನಾನು. ಒಲೆಯಿಂದ ಇಳಿಸುವ ಮುಂಚೆ ಒಂದು ಸೌಟು ಎತ್ತಿ ನನ್ನ ಅಂಗೈಗೆ ನಾಲ್ಕು ಹನಿ ಬಿಡುತ್ತಿದ್ದಳು. ನಾನು ನೆಕ್ಕಿ ನೋಡಿ ಸರಿ ಇದೆ ಎಂದರೆ ಮಾತ್ರ ಪಾತ್ರೆ ಕೆಳಗಿಳಿಯುತ್ತಿತ್ತು. ಅಕ್ಕ ಅಡುಗೆಗೆ ಒಪ್ಪಿಕೊಂಡ ದಿನ ನಾನು ಲೋಡು ಬೇಗ ಮುಗಿಸಿ ಅಲ್ಲಿರಬೇಕು.

ಮೊದಮೊದಲು ಶ್ರದ್ಧೆಯಿಂದ ನೋಡಿದೆ. ಒಂದು ಸಲ ಸಾರಿಗೆ ಇನ್ನೊಂದು ಚೂರು ಬೆಲ್ಲ ಹಾಕಿಸಿದ್ದೆ, ಒಂದು ಸಲ ಕಮಟು ವಾಸನೆ ಬಂದ ಎಣ್ಣೆಯನ್ನು ಚೆಲ್ಲಿಸಿದ್ದೆ. ನನಗೂ ಒಂದು ಬೆಲೆ ಬಂದಂತೆ ಅನಿಸುತ್ತಿತ್ತು. ಆದರೆ ಅವಳ ಕೈ ಎಷ್ಟು ನಿಖರವೆಂದರೆ ಹತ್ತು ಸಲಕ್ಕೆ ಒಂಬತ್ತು ಸಲ ನಾನು ಹೇಳುವುದಕ್ಕೆ ಏನೂ ಇರುತ್ತಿರಲಿಲ್ಲ. ಹೊಟ್ಟೆ ಬಿರಿಯುವಂತೆ ತಿಂದು ಬಂದು ಒಲೆಯ ಮುಂದೆ ನಿಂತರೆ ಮತ್ತೊಂದು ಹನಿಯೂ ಬೇಡವಾಗುತ್ತಿತ್ತು. ಅಂಗೈಯನ್ನು ತುಟಿಗೆ ತಾಗಿಸಿ, ಪಂಚೆಗೆ ಒರೆಸಿಕೊಂಡು, ಸರಿ ಇದೆ ಎನ್ನುವುದನ್ನು ಕಲಿತೆ. ಹಾಗೆ ಎಷ್ಟೋ ಅಡುಗೆಗಳು ದಾಟಿದವು. ಉಣ್ಣುವವರು ಚಪ್ಪರಿಸಿಕೊಂಡು ಉಂಡರು. ಅಕ್ಕ ಮನೆಗೆ ಬಂದು, “ನೀನಿದೀಯ ಅಂತ ಧೈರ್ಯ ಕಣೋ,” ಎನ್ನುತ್ತಿದ್ದಳು. ನಾನು ಆಕಳಿಸಿಕೊಂಡು ಮಲಗುತ್ತಿದ್ದೆ.

ಆಮೇಲೆ ಆ ಗೃಹಪ್ರವೇಶ ಬಂತು.

ನಮ್ಮ ಬೀದಿಯ ಕೊನೆಯಲ್ಲಿ ಹಿಂದೆ ರಾಗಿ ಬೆಳೆಯುತ್ತಿದ್ದ ಒಂದು ಮನೆತನ. ಈಗ ಆ ಹೊಲದ ಮೇಲೆ ಅವರದೇ ನಾಲ್ಕು ಮಹಡಿ ಎದ್ದಿತ್ತು. ಹೆಣ್ಣುಮಕ್ಕಳಿಗೆ ಊಟ, ವಸತಿಯ ಪಿ.ಜಿ. ಮಾಡುವುದೆಂದು ಕಟ್ಟಿಸಿದ್ದರು. ಯಜಮಾನರೇ ಬಂದು ಅಕ್ಕನಿಗೆ ಹೇಳಿದರು, “ಗೃಹಪ್ರವೇಶದ ಊಟ ನೀವೇ ಮಾಡಿ ಅಕ್ಕ. ಚೆನ್ನಾಗಿ ಆದ್ರೆ ಪಿ.ಜಿ. ಅಡುಗೆಮನೆ ನಿಮ್ಗೇ. ದಿನಾ ಕೆಲಸ. ಮನೆ ಮನೆ ಅಲೆಯೋದು ತಪ್ಪತ್ತೆ.” ಅವರು ಹೋದ ಮೇಲೆ ಅಕ್ಕ ಬಹಳ ಹೊತ್ತು ಬಾಗಿಲಲ್ಲೇ ನಿಂತಿದ್ದಳು. ಅವಳ ಮಂಡಿ ನೋವಿಗೆ ಒಂದೇ ಕಡೆಯ ಕೆಲಸ ಎಂದರೆ ಎಷ್ಟು ದೊಡ್ಡದೆಂದು ನನಗೂ ಗೊತ್ತಿತ್ತು.

ಬೇಸಿಗೆ. ಬೆಳಿಗ್ಗೆ ಕರೆಂಟು ಹೋದರೆ ಕಷ್ಟವೆಂದು ಹುಳಿಗೆ ಬೇಕಾದ ಕಾಯಿ ಮಸಾಲೆಯನ್ನು ಹಿಂದಿನ ಸಂಜೆಯೇ ರುಬ್ಬಿಟ್ಟಳು. ಎಂದೂ ಹಾಗೆ ಮಾಡಿದವಳಲ್ಲ. ಅದೇ ಅವಳಿಗೆ ಅಳುಕು.

“ನಾಳೆ ಬೇಗ ಬಾ,” ಎಂದಳು. “ಕಾಯಿ ಒಂದು ಸರಿಯಾಗಿ ನೋಡ್ಬಿಡು. ಕೆಟ್ಟಿದ್ರೆ ಹೊಸದಾಗಿ ತುರ್ಕೊಂಡು ರುಬ್ಬೋಕೆ ಟೈಮ್ ಇರ್ಬೇಕು.”

ಬೇಗ ಬರುವವನೇ ಇದ್ದೆ, ಅವತ್ತು ಯಲಹಂಕಕ್ಕೆ ಲೋಡೂ ಇರಲಿಲ್ಲ. ತಣಿಸಂದ್ರದಲ್ಲಿ ಕೊನೆಯ ಮೂಟೆ ಇಳಿಸುವಾಗ ಹೋಟೆಲಿನವನು, “ಈಗ್ಲೇ ಓಪನ್ ಮಾಡಿದೀನಿ ಮಚ್ಚಾ, ಇಂಥಾ ಟೈಮಲ್ಲಿ ಯಾವನಾದ್ರೂ ಹಂಗೇ ಹೋಗ್ತಾನಾ?” ಎಂದು ತಟ್ಟೆಗೆ ಬಿರಿಯಾನಿ ಹಾಕಿಯೇ ಬಿಟ್ಟ. ಕುಳಿತೆ. ಗೃಹಪ್ರವೇಶದ ಮನೆಗೆ ಮಾಂಸ ತಿಂದು ಹೋಗಬಾರದೆಂಬ ಯೋಚನೆ ಬಂದದ್ದು ಕೈ ತೊಳೆಯುವಾಗ. ನಾನು ತಲುಪುವ ಹೊತ್ತಿಗೆ ಶಾಮಿಯಾನದಡಿ ಎಲೆ ಹಾಕುತ್ತಿದ್ದರು. ಹಿಂದೆ ಸೌದೆ ಒಲೆಯ ಹೊಗೆಯಲ್ಲಿ ಅಕ್ಕ ಸೆರಗಿನಿಂದ ಮುಖ ಒರೆಸಿಕೊಳ್ಳುತ್ತಿದ್ದಳು.

“ಎಲ್ಲೋ ಹೋಗಿದ್ದೆ? ಜೀವ ಹೋಯ್ತು ನಂಗೆ. ತಗೋ, ನೋಡು.”

ಅಂಗೈಗೆ ಹುಳಿ ಬಿಟ್ಟಳು. ತಡವಾಗಿದೆ ಎಂದು ನನಗೂ ತಿಳಿದಿತ್ತು. ಬಾಯಿಗೆ ಹಾಕಿಕೊಂಡರೆ ಬಿರಿಯಾನಿ ಮೇಲೆ ಬರುವಂತಿತ್ತು. ತುಟಿಗೆ ತಾಗಿಸಿದೆ.

“ಕಾಯಿ?” ಎಂದಳು.

“ಸರಿ ಇದೆ ಅಕ್ಕ.”

“ನಿಜ್ವಾಗ್ಲೂ?”

“ಅಯ್ಯೋ, ಸರಿ ಇದೆ ಅಂದ್ನಲ್ಲ. ಇಳಿಸು.”

ಇಳಿಸಿದಳು.

ಮೊದಲ ಪಂಕ್ತಿಯಲ್ಲಿ ಯಜಮಾನರ ತಾಯಿ ಕುಳಿತಿದ್ದರು. ಮುದುಕಿ ಒಂದು ತುತ್ತು ಬಾಯಿಗಿಟ್ಟು, ನಿಧಾನವಾಗಿ ಎಲೆಯ ಪಕ್ಕಕ್ಕೆ ಉಗುಳಿದರು. “ಏನವ್ವಾ ಇದು, ಕಾಯಿ ಅಳಸೋಗೈತಲ್ಲ! ಒಳ್ಳೇ ದಿನದಾಗೆ ಇಂಗಾ ಮಾಡೋದು?” ಎಂದರು. ಅದು ಬಾಯಿಂದ ಬಾಯಿಗೆ ಹೋಗಿ ಪಂಕ್ತಿಯ ಆಚೆ ತುದಿಯಲ್ಲಿ ಕೈಗಳು ಎಲೆಯ ಮೇಲೆಯೇ ನಿಂತವು. ಯಾರೋ ಒಬ್ಬರು ನಕ್ಕರು. ಯಜಮಾನರು ಎದ್ದು ಹಿಂದಕ್ಕೆ ಬಂದರು.

“ಯಾರ್ರೀ ರುಚಿ ನೋಡಿದ್ದು? ಒಬ್ರಾದ್ರೂ ಬಾಯಿಗೆ ಹಾಕ್ಕೊಂಡ್ರಾ ಇಲ್ವಾ?”

ಅಕ್ಕ ನನ್ನ ಕಡೆ ನೋಡಿದಳು. ಅವಳು ನನ್ನ ಹೆಸರೆತ್ತುತ್ತಿರಲಿಲ್ಲ ಎಂದು ಈಗ ಅನಿಸುತ್ತದೆ. ಆದರೆ ಆ ನೋಟ ನನ್ನ ಮೇಲೆ ಬಿದ್ದದ್ದೇ ತಡ, ನನ್ನ ಬಾಯಿ ತೆರೆಯಿತು.

“ಏನೂ ಅನ್ಕೋಬೇಡಿ ಸಾರ್. ಅಕ್ಕಂಗೆ ಜ್ವರ ಬಂದಾಗಿಂದ ವಾಸನೆ, ರುಚಿ ಯಾವ್ದೂ ಗೊತ್ತಾಗಲ್ಲ. ಪಾಪ, ಅವಳಿಗೆ ತಿಳೀಲಿಲ್ಲ.”

ಪಾಪ ಎಂಬ ಮಾತನ್ನೂ ಸೇರಿಸಿದೆ. ಯಜಮಾನರ ಸಿಟ್ಟು ತಕ್ಷಣ ಇಳಿಯಿತು. ಪಕ್ಕದಲ್ಲಿದ್ದ ಹೆಂಗಸರು ಅಯ್ಯೋ, ಹೌದಾ, ಎಷ್ಟು ದಿನದಿಂದ ಎಂದು ಅಕ್ಕನ ಸುತ್ತ ನೆರೆದರು. ಒಬ್ಬಾಕೆ ಅವಳ ಮೂಗಿನ ಹತ್ತಿರ ಕರ್ಪೂರ ಹಿಡಿದು, “ಇದೂ ಗೊತ್ತಾಗಲ್ವಾ?” ಎಂದು ಕೇಳಿದಳು. ಅಕ್ಕ ಇಲ್ಲವೆಂದು ತಲೆಯಾಡಿಸಿದಳು. ಯಾರೂ ನನ್ನನ್ನು ಒಂದು ಮಾತು ಕೇಳಲಿಲ್ಲ. ನನಗೆ ಬೇಕಾಗಿದ್ದದ್ದೂ ಅದೇ. ಊಟಕ್ಕೆ ಹತ್ತಿರದ ಹೋಟೆಲಿನಿಂದ ಸಾಂಬಾರು ತರಿಸಿದರು. ಅದನ್ನು ನನ್ನ ಗಾಡಿಯಲ್ಲೇ ತಂದೆ.

ಪಿ.ಜಿ. ಅಡುಗೆಮನೆ ಬೇರೆಯವರಿಗೆ ಹೋಯಿತು. ಆಶ್ಚರ್ಯವೇನಿಲ್ಲ. ಅದರ ಜೊತೆಗೆ ನಾಮಕರಣ, ತಿಥಿಗಳಿಗೆ ಕರೆಯುತ್ತಿದ್ದವರೂ ನಿಂತರು. ಸಿಕ್ಕಾಗ ಪ್ರೀತಿಯಿಂದಲೇ ಮಾತಾಡಿಸುತ್ತಾರೆ, ಈಗ ಹೇಗಿದೆ ಎಂದು ಕೇಳುತ್ತಾರೆ, ಅಡುಗೆಯ ಮಾತೆತ್ತುವುದಿಲ್ಲ. ದೊಡ್ಡ ಪಾತ್ರೆಗಳು ಬಚ್ಚಲ ಪಕ್ಕ ಬೋರಲು ಬಿದ್ದವು. ಮನೆಯಲ್ಲೂ ಅಕ್ಕ ಒಲೆ ಹಚ್ಚುವುದನ್ನು ಕಡಿಮೆ ಮಾಡಿದಳು.

“ಯಾರಿಗೆ ಮಾಡ್ಲಿ? ನೀನು ಹೊರಗೇ ಮುಗಿಸ್ಕೊಂಡು ಬರ್ತೀಯ. ನಂಗೆ ಅನ್ನಾನೂ ಒಂದೇ, ಅವಲಕ್ಕೀನೂ ಒಂದೇ.”

ಹಾಗಾಗಿ ನಾನು ಅವಳನ್ನು ಹೊರಗೆ ಕರೆದುಕೊಂಡು ಹೋಗತೊಡಗಿದೆ. ಪ್ರಾಯಶ್ಚಿತ್ತವೆಂದು ಅಂದುಕೊಂಡಿದ್ದೆನೋ ಏನೋ. ಸಂಜೆ ಗಾಡಿಯಲ್ಲಿ ಪಕ್ಕಕ್ಕೆ ಕೂರಿಸಿಕೊಂಡು ಆರ್.ಟಿ. ನಗರದಲ್ಲಿ ಪಾನಿಪೂರಿ, ಹೆಬ್ಬಾಳದಲ್ಲಿ ಮಸಾಲೆ ಹಚ್ಚಿದ ಜೋಳ ತಿನ್ನಿಸಿದೆ. ಪಾನಿಪೂರಿ ಬಾಯಲ್ಲಿ ಒಡೆದಾಗ ಅವಳು ಚಿಕ್ಕ ಹುಡುಗಿಯಂತೆ ಬೆಚ್ಚಿ ನಕ್ಕಿದ್ದಳು. “ಸದ್ದು ಚೆನ್ನಾಗಿದೆ,” ಎಂದಳು. ಒಂದು ದಿನ ಯಲಹಂಕದ ಹೋಟೆಲಿನಲ್ಲಿ ದೋಸೆ ಬಂತು. ಅವಳು ಅಂಚು ಮುರಿದು ಅಗಿಯುತ್ತಿದ್ದಳು. ನನಗೆ ತಡೆಯಲಾಗಲಿಲ್ಲ.

“ಅಕ್ಕ, ಅವತ್ತು ನಾನು ಬಾಯಿಗೇ ಹಾಕ್ಕೊಂಡಿರ್ಲಿಲ್ಲ.”

“ಅದು ಆ ಅಜ್ಜಿ ಉಗುಳಿದಾಗಲೇ ಗೊತ್ತಾಯ್ತು,” ಎಂದಳು. ದೋಸೆ ಮುರಿಯುವುದನ್ನು ನಿಲ್ಲಿಸಲಿಲ್ಲ. “ಎಲ್ಲಾದ್ರೂ ತಿಂದು ಬಂದಿರ್ತೀಯ. ನಿನ್ನ ಅಂಗಿ ವಾಸನೆ ಹೊಡೀತಿತ್ತೋ ಏನೋ, ನಂಗೆಲ್ಲಿ ಗೊತ್ತಾಗ್ಬೇಕು.”

“ತಪ್ಪಾಯ್ತು ಅಕ್ಕ.”

“ತಿನ್ನು, ಆರೋಗತ್ತೆ.” ಮತ್ತೊಂದು ಚೂರು ಮುರಿದುಕೊಂಡು ಹೇಳಿದಳು, “ನೋಡದೇ ಇದ್ದಿದ್ದಕ್ಕೆ ಬೇಜಾರಿಲ್ಲ ಕಣೋ. ಸುಸ್ತಾಗಿರತ್ತೆ, ಒಂದಿನ ತಪ್ತೀಯ. ಕಾಯಿ ಸಂಜೇನೇ ರುಬ್ಬಿದ್ದೆ, ನನ್ ತಪ್ಪು ಅಂತ ನಾನೇ ಒಪ್ಕೊಳ್ತಿದ್ದೆ. ಒಂದು ಊಟ ಕೆಡ್ತಿತ್ತು, ಅಷ್ಟೇ. ಅವ್ರ ಮುಂದೆ ಆ ಮಾತು ಯಾಕೆ ಹೇಳ್ದೆ?”

“ಭಯ ಆಯ್ತು.”

“ಯಾರ ಭಯ? ಅವ್ರೇನು ನಿನ್ನ ಹೊಡೆಯೋಕೆ ಬಂದಿದ್ರಾ?”

ಒಂದು ದಿನವಲ್ಲ, ಎಷ್ಟೋ ಸಲ ಹಾಗೇ ಮಾಡಿದ್ದೆ ಎನ್ನುವುದನ್ನು ಆಗಲೂ ಹೇಳಲಿಲ್ಲ. ಸಪ್ಲೈಯರ್ ಬಂದು ಇನ್ನೇನು ಬೇಕಣ್ಣಾ ಎಂದ. ಎರಡು ಕಾಫಿ ಎಂದೆ. ಅಕ್ಕ ತನಗೆ ಬೇಡವೆಂದಳು. ಅಲ್ಲಿಂದ ಮುಂದೆ ನನ್ನ ಜೊತೆ ಹೊರಗೆ ಬರುವುದನ್ನು ಬಿಟ್ಟಳು.

ಈಗ ಅವಳಿಗೆ ಕೆಲಸ ಸಿಕ್ಕಿದೆ. ಅಲ್ಲಾಳಸಂದ್ರ ಕೆರೆಯ ಹತ್ತಿರ, ಸಂಜೆ ವಾಕಿಂಗ್ ಬರುವವರು ತಿನ್ನುವ ಒಂದು ಅಕ್ಕಿ ರೊಟ್ಟಿ ಗಾಡಿ. ಹಿಟ್ಟು ಕಲಸುವುದು, ಚಟ್ನಿ ರುಬ್ಬುವುದು ಗಾಡಿಯ ಒಡತಿ. ಅಕ್ಕ ತಟ್ಟಿ ಬೇಯಿಸಬೇಕು. ಅದಕ್ಕೆ ಕಣ್ಣು, ಕೈ ಸಾಕು. ಅವಳೇ ಹುಡುಕಿಕೊಂಡದ್ದು. ನನಗೆ ಗೊತ್ತಾದದ್ದು ಅವಳ ಬೆರಳಿನ ಸುಟ್ಟ ಗಾಯ ನೋಡಿ ಕೇಳಿದಾಗ.

ಒಂದು ಸಂಜೆ ಯಲಹಂಕದಿಂದ ಬರುವಾಗ ಅಲ್ಲಿ ನಿಲ್ಲಿಸಿದೆ. ಬಿಸಿಲು ಇಳಿದಿತ್ತು. ಅಕ್ಕ ಕಾದ ಹೆಂಚಿನ ಮುಂದೆ ಬಾಗಿದ್ದಳು. ಎಷ್ಟೋ ದಿನಗಳ ಮೇಲೆ ಅವಳ ಮುಖದಲ್ಲಿ ಕೆಲಸದ ಗಡಿಬಿಡಿ ಇತ್ತು. ನಾನು ಬೆಂಚಿನ ಮೇಲೆ ಕುಳಿತು ಒಂದು ರೊಟ್ಟಿ ಕೊಡಿ ಎಂದೆ. ನನ್ನ ದನಿ ಕೇಳಿ ಅವಳು ತಲೆ ಎತ್ತಿದಳು. ಹಿಟ್ಟಿನ ಕೈಯಲ್ಲೇ ಈಚೆ ಬಂದಳು.

“ಏಳು.”

“ಯಾಕಕ್ಕ? ಒಂದು ರೊಟ್ಟಿ...”

“ಇಲ್ಲಿ ತಿನ್ಬೇಡ. ಊರಲ್ಲಿ ಅಷ್ಟು ಅಂಗಡಿ ಇದಾವೆ. ಇದೊಂದನ್ನ ನಂಗೆ ಬಿಟ್ಬಿಡು.”

ಒಡತಿ ನಕ್ಕಳು. “ಏನಕ್ಕಾ ಇದು, ಸ್ವಂತ ತಮ್ಮನ್ನೇ ಓಡಿಸ್ತೀರಲ್ಲ! ಕೂತ್ಕೊಳ್ಳಿ ಅಣ್ಣಾ, ನಾನು ಕೊಡ್ತೀನಿ.”

ಅಕ್ಕ ನಗಲಿಲ್ಲ. ನನ್ನ ಕಿವಿಯ ಹತ್ತಿರ ಬಂದು ಮೆಲ್ಲಗೆ ಹೇಳಿದಳು, “ಇವಳಿಗೆ ಗೊತ್ತಿಲ್ಲ. ನೀನು ಇಲ್ಲಿ ಕೂತ್ರೆ ಮಾತಾಡ್ತೀಯ.”

ಒಡತಿಗೆ ಹೊಟ್ಟೆ ತುಂಬಿದೆ ಎಂದು ಹೇಳಿ ಎದ್ದೆ. ಅದು ಸುಳ್ಳೇನೂ ಆಗಿರಲಿಲ್ಲ.

ಈಗಲೂ ವಾರಕ್ಕೆರಡು ದಿನ ಸಂಜೆ ಆ ಕಡೆ ಲೋಡು ಇರುತ್ತದೆ. ಕೆರೆಯ ರಸ್ತೆ ಬಿಟ್ಟು ಸುತ್ತಿಕೊಂಡು ಹೋಗುತ್ತೇನೆ. ದಾರಿಯಲ್ಲಿ ಬೇರೆ ಗಾಡಿಗಳಿವೆ, ಅಲ್ಲಿ ನಿಲ್ಲಿಸುತ್ತೇನೆ, ತಿನ್ನುತ್ತೇನೆ. ಅಕ್ಕ ಬಸ್ಸಿನಲ್ಲಿ ಮನೆಗೆ ಬರುತ್ತಾಳೆ. ಕೆಲಸ ಹೇಗಿತ್ತು ಎಂದು ಕೇಳಿದರೆ ಚೆನ್ನಾಗಿತ್ತು ಎನ್ನುತ್ತಾಳೆ. ಅದಕ್ಕಿಂತ ಹೆಚ್ಚು ಏನನ್ನೂ ನನಗೆ ಹೇಳುವುದಿಲ್ಲ.