ಹಣೆಗೆ ತಾಗುವ ಸೌತೆಕಾಯಿ

ನನಗೆ ಸಂಶಯ ಹುಟ್ಟುಗುಣ. ಮೀನಿನವನು ಕಿವಿರು ಎತ್ತಿ ತೋರಿಸಿದರೂ ನಾನೇ ಬೆರಳು ಹಾಕಿ ನೋಡಬೇಕು. ಅಂಗಡಿಯ ಅರಸಿನಕ್ಕೆ ಬಣ್ಣ ಬೆರೆಸಿದ್ದಾರೆ, ತೆಂಗಿನೆಣ್ಣೆಯಲ್ಲಿ ತೆಂಗೇ ಇಲ್ಲ, ಬಸ್ಸಿನ ಕಂಡಕ್ಟರು ಚಿಲ್ಲರೆ ಇಲ್ಲ ಎಂದದ್ದು ಶುದ್ಧ ಸುಳ್ಳು. ಹೀಗೆಯೇ ನನ್ನ ದಿನ ಸಾಗುತ್ತದೆ. ಗಂಡ ಇದನ್ನು "ನಿನ್ನ ಸಿಐಡಿ ಕೆಲಸ" ಎಂದು ತಮಾಷೆ ಮಾಡುತ್ತಾರೆ. ಆ ಬೇಸಿಗೆಯಲ್ಲಿ ಸಿಐಡಿಗೆ ಸಿಕ್ಕಿಬಿದ್ದವರು ಅವರೇ.

ಅವರು ಗಲ್ಫಿನ ಒಂದು ಹೋಟೆಲಿನಲ್ಲಿ ನೀರು, ಕರೆಂಟು, ಎ.ಸಿ. ನೋಡಿಕೊಳ್ಳುವ ಕೆಲಸದಲ್ಲಿದ್ದರು. ನಮ್ಮ ಮನೆ ಸಿದ್ಧಕಟ್ಟೆಯ ಹತ್ತಿರ, ಬಂಟ್ವಾಳದಿಂದ ಮೂಡುಬಿದಿರೆಗೆ ಹೋಗುವ ದಾರಿಯಿಂದ ಸ್ವಲ್ಪ ಒಳಗೆ. ಮಾವ ಇದ್ದಷ್ಟು ಕಾಲ ಹೊರಗಿನ ಕೆಲಸವೆಲ್ಲ ಅವರದು. ಅವರು ತೀರಿಕೊಂಡ ಮೇಲೆ ಮನೆಯಲ್ಲಿ ನಾನೊಬ್ಬಳೇ ಆದೆ; ಮಗಳು ಮೂಡುಬಿದಿರೆಯಲ್ಲಿ ಹಾಸ್ಟೆಲು ಹಿಡಿದಿದ್ದಳು. ಶಿವರಾತ್ರಿ ಕಳೆದು ಸ್ವಲ್ಪ ದಿನಕ್ಕೆ ಗಂಡ ದೊಡ್ಡ ಸೂಟ್‌ಕೇಸು ಉರುಳಿಸಿಕೊಂಡು ಬಂದರು. ಮೆಟ್ಟಿಲು ಹತ್ತುವ ಮೊದಲೇ ಹೇಳಿದರು.

"ಈ ಸಲ ಕ್ಯಾನ್ಸಲ್ ಮಾಡಿ ಬಂದದ್ದು ಮಾರಾಯ್ತಿ. ಇನ್ನು ಹೋಗ್ಲಿಕ್ಕಿಲ್ಲ."

ನಮ್ಮ ಕಡೆ ಕ್ಯಾನ್ಸಲ್ ಎಂದರೆ ವಿಸಾ ರದ್ದು ಮಾಡಿ ಶಾಶ್ವತವಾಗಿ ಊರಿಗೆ ಬರುವುದು. ಈ ಮಾತನ್ನು ಕೇಳಲು ನಾನು ಮದುವೆಯಾದಂದಿನಿಂದ ಕಾದಿದ್ದೆ. ಕೇಳಿದಾಗ ಖುಷಿಯಿಂದ ಕಣ್ಣು ತುಂಬಿತು, ನಿಜ. ಆದರೆ ಕಣ್ಣು ಒರೆಸಿಕೊಳ್ಳುತ್ತಲೇ, ಸೂಟ್‌ಕೇಸಿನ ಹಿಡಿಯ ಮೇಲಿನ ಪ್ಲಾಸ್ಟಿಕ್ ಕವರನ್ನು ಇವರು ಯಾಕೆ ಇನ್ನೂ ಕಿತ್ತಿಲ್ಲ ಎಂದು ನೋಡಿದೆ.

ಮಾರನೆಯ ದಿನದಿಂದಲೇ ಅವರು ಮನೆಯನ್ನು ಭದ್ರ ಮಾಡಲು ಹೊರಟರು. ಮಳೆಗಾಲದಲ್ಲಿ ನಮ್ಮಲ್ಲಿ ಕರೆಂಟು ಹೋದರೆ ಬರುವ ಹೊತ್ತು ಯಾರಿಗೂ ಗೊತ್ತಿರುವುದಿಲ್ಲ. ಅದಕ್ಕೆ ಇನ್ವರ್ಟರು ಬಂತು. ತಾರಸಿಯ ನೀರು ಇಳಿಯಲು ಪೈಪು, ಅದರ ಬುಡದಲ್ಲಿ ಡ್ರಮ್ಮು. ಕೊಟ್ಟಿಗೆಯ ಮೂಲೆಯಲ್ಲಿ ಒಲೆಗೆಂದು ತೆಂಗಿನ ಗೆರಟೆ, ಸಿಪ್ಪೆ, ಮಡಲು ಬೇರೆ ಬೇರೆ ರಾಶಿ. ಬೆಳ್ತಂಗಡಿಯ ಸಂತೆಗೆ ಹೋಗಿ ಬೀಜ ತಂದು ಹರಿವೆ, ಬೆಂಡೆ, ಅಲಸಂಡೆ ಹಾಕಿದರು. ಬಸಳೆಗೆ ಚಪ್ಪರ ಕಟ್ಟಿದರು. ನಾರಾವಿಯ ನನ್ನ ತವರಿನಿಂದ ಕುಚ್ಚಲಕ್ಕಿ ತರಿಸಿ ಡಬ್ಬಗಳಲ್ಲಿ ತುಂಬಿದರು. ಮೂಡುಬಿದಿರೆಯ ಹಾರ್ಡ್‌ವೇರ್ ಅಂಗಡಿಯವರು ಇವರನ್ನು ಕಂಡರೆ ಕುರ್ಚಿ ಕೊಡುವಷ್ಟು ಪರಿಚಯವಾಯಿತು.

ಆಚೆ ಮನೆಯ ಅಕ್ಕ ಬೇಲಿಯ ಹತ್ತಿರ ನಿಂತು ನೋಡಿದಳು. ಅವಳ ಗಂಡನೂ ಗಲ್ಫಿನಲ್ಲಿಯೇ ಇರುವುದು. "ನಿನ್ನ ಅದೃಷ್ಟ ಮಾರಾಯ್ತಿ. ಹೋಗುವ ಗಂಡಸು ಬಸಳೆ ನೆಡ್ತಾನಾ?" ಎಂದಳು. ನನಗೂ ಹಾಗೆಯೇ ಅನಿಸಿತು. ಕೆಲವು ವಾರ ನನ್ನ ಸಂಶಯ ರಜೆ ಹಾಕಿ ಕುಳಿತಿತ್ತು.

ಅದು ಮತ್ತೆ ಎದ್ದದ್ದು ಸೌತೆಕಾಯಿಯಿಂದ. ಸಾಂಬಾರಿನ ಸೌತೆಕಾಯಿಯನ್ನು ಬೇಸಿಗೆಯಲ್ಲಿ ಕೊಯ್ದು, ಬಾಳೆಯ ನಾರಿನಿಂದ ಒಂದೊಂದಾಗಿ ಕಟ್ಟಿ ಹಂಚಿನ ಮಾಡಿನಿಂದ ತೂಗುಹಾಕುವುದು ನಮ್ಮ ಕ್ರಮ. ನೆಲ ಮುಟ್ಟದೆ, ಒಂದಕ್ಕೊಂದು ತಾಗದೆ ಇದ್ದರೆ ಮಳೆಗಾಲ ಮುಗಿಯುವ ತನಕ ಕೊಳೆಯುವುದಿಲ್ಲ. ನಮ್ಮದು ತಾರಸಿ ಮನೆಯಾದ್ದರಿಂದ ಮಾವ ಅಡುಗೆಮನೆಯ ಪಕ್ಕದ ಕೋಣೆಯಲ್ಲಿ ಮೇಲೆ ಒಂದು ಕಬ್ಬಿಣದ ಪೈಪು ಕಟ್ಟಿಸಿದ್ದರು. ಅಪ್ಪ ಮಗ ಇಬ್ಬರೂ ಉದ್ದ, ಕೈ ಎತ್ತಿದರೆ ಸಿಗುತ್ತಿತ್ತು. ಕುಳ್ಳಿಯಾದ ನನಗೆ ಸ್ಟೂಲು ಬೇಕಿತ್ತು.

ಆ ಪೈಪನ್ನು ಗಂಡ ಕೆಳಗೆ ಇಳಿಸಿದರು. ಸರಪಳಿ ಹಾಕಿ, ನನ್ನನ್ನು ಅದರ ಅಡಿಯಲ್ಲಿ ನಿಲ್ಲಿಸಿ, "ಕೈ ಎತ್ತು ನೋಡುವ" ಎಂದು ಅಳತೆ ತೆಗೆದರು. ನನ್ನ ಕೈಗೆ ಸರಿಯಾಯಿತು. ಆದರೆ ಆ ಕೋಣೆಯಲ್ಲಿ ನಡೆಯುವಾಗಲೆಲ್ಲ ಅವರ ಹಣೆಗೆ ಸೌತೆಕಾಯಿ ಬಡಿಯತೊಡಗಿತು. ಬಡಿದಾಗೊಮ್ಮೆ "ಛೆ" ಎನ್ನುತ್ತಿದ್ದರು. ಪೈಪನ್ನು ಮೇಲೆ ಮಾಡಲಿಲ್ಲ.

ನಾನು ಒಲೆಯ ಮುಂದೆ ನಿಂತು ಇದನ್ನೇ ಯೋಚಿಸಿದೆ. ಈ ಮನೆಯಲ್ಲಿ ಇರುವವರು ತಮ್ಮ ಹಣೆಯ ಎತ್ತರಕ್ಕೆ ಯಾಕೆ ಸೌತೆಕಾಯಿ ತೂಗುಹಾಕಿಕೊಳ್ಳುತ್ತಾರೆ?

ಒಮ್ಮೆ ಕಣ್ಣು ತೆರೆದ ಮೇಲೆ ಎಲ್ಲ ಕಡೆ ಅದೇ ಕಂಡಿತು. ಅಕ್ಕಿಯ ಡಬ್ಬ ನನ್ನ ಸೊಂಟದ ಎತ್ತರದಲ್ಲಿ. ಇನ್ವರ್ಟರಿನ ಸ್ವಿಚ್ಚು ನನ್ನ ಭುಜಕ್ಕೆ ಸರಿಯಾಗಿ. ಗ್ಯಾಸಿನ ಸಿಲಿಂಡರು ಎತ್ತಬಾರದೆಂದು ಅದಕ್ಕೆ ಚಕ್ರದ ತಟ್ಟೆ. ಬಾವಿಯ ರಾಟೆಗೆ ಎಣ್ಣೆ ಬಿಟ್ಟ ದಿನ ನಾನು ಸುಮ್ಮನೆ ಕೋಣೆಗೆ ಹೋಗಿ ಸೂಟ್‌ಕೇಸನ್ನು ದೂಡಿ ನೋಡಿದೆ. ಬರುವಾಗ ಕಿರ್ ಕಿರ್ ಎನ್ನುತ್ತಿದ್ದದ್ದು ಈಗ ಸದ್ದಿಲ್ಲದೆ ಗೋಡೆಯ ತನಕ ಉರುಳಿತು.

ಮತ್ತೆ ಹೋಗುತ್ತೀರಾ ಎಂದು ಕೇಳಿಬಿಡಬಹುದಿತ್ತು. ಕೇಳಲಿಲ್ಲ. ಕೇಳಿದರೆ ಹೌದು ಎನ್ನುತ್ತಾರೆ ಎಂಬ ಹೆದರಿಕೆ ನನಗೆ.

ಆಮೇಲೆ ಪಂಪಿನ ಪಾಠ ಶುರುವಾಯಿತು. ನಮ್ಮ ಬಾವಿಯ ಪಂಪಿಗೆ ಆಗಾಗ ಗಾಳಿ ಹಿಡಿಯುವ ರೋಗ. ಪೈಪಿನ ನೀರು ಬಾವಿಗೆ ವಾಪಸು ಇಳಿದುಬಿಡುತ್ತದೆ. ಆಗ ಪಂಪಿನ ನೆತ್ತಿಯ ನಟ್ಟು ಬಿಚ್ಚಿ, ಚೊಂಬಿನಲ್ಲಿ ನೀರು ಹೊಯ್ದು, ಗುಳ್ಳೆ ನಿಲ್ಲುವ ತನಕ ಕಾದು, ನಟ್ಟು ಬಿಗಿದು ಸ್ವಿಚ್ಚು ಹಾಕಬೇಕು. ನೀರು ಕುಡಿಸುವುದು ಎನ್ನುತ್ತೇವೆ. ಗಂಡ ನನ್ನನ್ನು ಕರೆದು ಕೈಗೆ ಸ್ಪ್ಯಾನರು ಕೊಟ್ಟರು.

ಈ ಕೆಲಸ ನನಗೆ ಚೆನ್ನಾಗಿ ಬರುತ್ತಿತ್ತು. ಮಾವ ಮಾಡುವುದನ್ನು ನೋಡಿ ಕಲಿತಿದ್ದೆ. ಅವರು ಹೋದ ಮೇಲೆ ನಾನೇ ಮಾಡುತ್ತಿದ್ದೆ. ಆದರೆ ಫೋನಿನಲ್ಲಿ ಗಂಡನಿಗೆ ಮಾತ್ರ, "ನನ್ನಿಂದ ಆಗುದಿಲ್ಲ, ಸಿದ್ಧಕಟ್ಟೆಯಿಂದ ಜನ ಬರ್ಬೇಕು" ಎನ್ನುತ್ತಿದ್ದೆ. ಎಲ್ಲ ಬರುತ್ತದೆ ಎಂದರೆ ಇವರು ಊರಿಗೆ ಬರುವುದು ಯಾಕೆ? ಈಗಲೂ ಅದೇ ದಾರಿ ಹಿಡಿದೆ. ಹೆಂಡತಿಗೆ ಪಂಪು ಬಾರದಿದ್ದರೆ ಯಾವ ಗಂಡಸು ವಿಮಾನ ಹತ್ತುತ್ತಾನೆ ಎಂದು ನನ್ನ ಲೆಕ್ಕಾಚಾರ.

ಹಾಗಾಗಿ ಮನಸಿಟ್ಟು ಫೇಲಾದೆ. ಒಮ್ಮೆ ಗುಳ್ಳೆ ನಿಲ್ಲುವ ಮೊದಲೇ ನಟ್ಟು ಹಾಕಿದೆ. ಒಮ್ಮೆ ನಟ್ಟನ್ನು ಸಡಿಲ ಬಿಟ್ಟು ಇಬ್ಬರ ಮುಖಕ್ಕೂ ನೀರು ಹಾರುವಂತೆ ಮಾಡಿದೆ. ಒಮ್ಮೆ ಸ್ಪ್ಯಾನರನ್ನು ತಿರುಗುಮುರುಗಾಗಿ ಹಿಡಿದು ನಿಂತೆ. ಟಿ.ವಿ. ರಿಮೋಟಿನ ಬ್ಯಾಟರಿ ಸಡಿಲವಾದರೆ ಮನೆ ತಲೆಯ ಮೇಲೆ ಹೊರುವ ಈ ಮನುಷ್ಯ ಒಂದು ಮಾತು ಗದರಲಿಲ್ಲ.

"ಇರ್ಲಿ. ಇನ್ನೊಮ್ಮೆ ಮಾಡುವ. ಮೊದಲಿನಿಂದ ಹೇಳ್ತೇನೆ" ಎಂದು ನಟ್ಟು ಬಿಚ್ಚುತ್ತಿದ್ದರು. ಇವರಿಗೆ ಸಿಟ್ಟು ಯಾಕೆ ಬರುವುದಿಲ್ಲ ಎಂದು ಅದೂ ಒಂದು ಸಂಶಯವಾಗಿ ಉಳಿಯಿತು.

ಕೊನೆಗೆ ಅವರ ಬಾಯಿಬಿಡಿಸಿದ್ದು ಉಪ್ಪುಸೊಳೆ. ಬಲಿತ ಹಲಸಿನ ಸೊಳೆಯನ್ನು ಬೇಸಿಗೆಯಲ್ಲಿ ಭರಣಿಗೆ ಹಾಕಿ, ಉಪ್ಪು ಸುರಿದು, ಮೇಲೆ ಕಲ್ಲು ಹೇರಿ ಇಡುತ್ತೇವೆ. ಆ ಭರಣಿಯನ್ನು ತೆರೆಯುವುದು ಮಳೆಗಾಲದ ನಡುವಿನ ಆಟಿ ತಿಂಗಳಲ್ಲಿ. ಆಗ ಬಿಡದೆ ಸುರಿಯುವ ಮಳೆಗೆ ಹಿತ್ತಿಲಲ್ಲಿ ಒಂದು ಕಾಯಿಯೂ ನಿಲ್ಲುವುದಿಲ್ಲ. ಅದಕ್ಕೂ ಮೊದಲು ಯಾರೂ ಆ ಕಲ್ಲು ಮುಟ್ಟುವುದಿಲ್ಲ. ಸೊಳೆಗೆ ಉಪ್ಪು ಹಿಡಿದಿರುವುದಿಲ್ಲ, ಕ್ರಮವೂ ಅಲ್ಲ. ಗಲ್ಫಿನಲ್ಲಿದ್ದಾಗ ಇವರು ಪ್ರತಿ ಮಳೆಗಾಲ ಫೋನಿನಲ್ಲಿ ಕೊರಗುತ್ತಿದ್ದದ್ದು ಇದೊಂದಕ್ಕೆ. ಈ ಸಲ ಭರಣಿ ತುಂಬಿಸಿ ಕಲ್ಲು ಇಟ್ಟವರೂ ಅವರೇ.

ಮಳೆ ಹಿಡಿದು ಹೆಚ್ಚು ದಿನ ಆಗಿರಲಿಲ್ಲ. ಮಧ್ಯಾಹ್ನ ಊಟಕ್ಕೆ ಕುಳಿತವರು ಗಂಜಿಯ ಬಟ್ಟಲನ್ನು ನೋಡುತ್ತ ಹೇಳಿದರು.

"ಉಪ್ಪುಸೊಳೆ ಸ್ವಲ್ಪ ತೆಗಿಯುವನಾ? ಪಲ್ಯ ಮಾಡು."

ನನ್ನ ಕೈಯ ಸೌಟು ಅಲ್ಲಿಯೇ ನಿಂತಿತು. ನಮ್ಮ ಊರಿನ ಯಾವ ಮನುಷ್ಯನೂ ಆಟಿಗೆ ಮೊದಲು ಈ ಮಾತು ಆಡುವುದಿಲ್ಲ. ಆಟಿಯಲ್ಲಿ ಈ ಮನೆಯಲ್ಲಿ ಇರದವನು ಮಾತ್ರ ಆಡುತ್ತಾನೆ.

"ಆಟಿಗೆ ನೀವು ಎಲ್ಲಿರ್ತೀರಿ?" ಎಂದು ಕೇಳಿದೆ.

ಅವರು ಗಂಜಿ ಕಲಸಿದರು. ತುಂಬ ಹೊತ್ತು ಕಲಸಿದರು.

"ಹೋಟೆಲಿನಿಂದ ಫೋನ್ ಬಂದಿತ್ತು. ಹೊಸ ವಿಸಾ ಕಳಿಸ್ತಾರಂತೆ."

"ಯಾವಾಗ ಬಂದದ್ದು ಫೋನು?"

"ನಾನು ಬಂದು ಸ್ವಲ್ಪ ದಿನಕ್ಕೇ."

"ಅಂದ್ರೆ ಈ ಡ್ರಮ್ಮು, ಇನ್ವರ್ಟರು, ಚಪ್ಪರ ಎಲ್ಲ ನನ್ನನ್ನು ಬಿಟ್ಟು ಹೋಗ್ಲಿಕ್ಕೆ ಮಾಡಿದ ತಯಾರಿ. ನನ್ನ ಹತ್ರ ಒಂದು ಮಾತು ಹೇಳ್ಳಿಕ್ಕೆ ಏನಾಗಿತ್ತು ನಿಮಗೆ?"

"ಹೇಳುವ ಹೇಳುವ ಅಂತ ಇದ್ದೆ," ಎಂದರು. ಆಮೇಲೆ ತಲೆ ಎತ್ತದೆ, "ಇಲ್ಲಿ ಬೆಳಿಗ್ಗೆ ಎದ್ದರೆ ನಾನು ಯಾರಿಗೂ ಬೇಡ. ಅಲ್ಲಿ ನೀರು ನಿಂತರೆ ಹತ್ತು ಜನ ನನ್ನನ್ನೇ ಹುಡುಕ್ತಾರೆ. ಇಲ್ಲಿ ಒಂದಷ್ಟು ಕೆಲಸ ಇತ್ತು, ಮಾಡಿದೆ, ಮುಗೀತು. ನಿನಗೆ ಪಂಪು ಒಂದು ಬಂದ್ರೆ ನನಗೂ ಧೈರ್ಯ."

ನನಗೆ ಎಷ್ಟು ಸಿಟ್ಟು ಬಂತೆಂದರೆ ಅಳುವೂ ಬರಲಿಲ್ಲ. ಯಾರಿಗೂ ಬೇಡವಂತೆ! ಇಷ್ಟು ವರ್ಷ ಫೋನು ಹಿಡಿದು ಕುಳಿತವಳು ಇವರ ಕಣ್ಣಿಗೆ ಯಾರೂ ಅಲ್ಲ. ಭರಣಿಯ ಹತ್ತಿರ ಹೋಗಿ ಅದರ ಬಾಯಿಗೆ ಕಟ್ಟಿದ ಬಟ್ಟೆಯನ್ನು ಇನ್ನೊಂದು ಸುತ್ತು ಬಿಗಿದೆ.

"ಇದು ಆಟಿಯಲ್ಲಿ ಇರುವವರಿಗೆ" ಎಂದೆ.

ಅವರು ಕೈ ತೊಳೆಯಲು ಎದ್ದರು. ಹೋಗುವಾಗ ಸೌತೆಕಾಯಿ ಹಣೆಗೆ ಬಡಿಯಿತು. ನನಗೆ ಆಗ ಅದು ಬಡಿದದ್ದು ಸಮಾಧಾನವೇ ಆಯಿತು.

ಆಟಿ ಹುಟ್ಟುವ ಮೊದಲೇ ಅವರು ಹೋದರು. ಹೊರಡುವ ಬೆಳಿಗ್ಗೆಯೂ ಕಾರಿನವನನ್ನು ಕಾಯಿಸಿ ಬಾವಿಯ ಹತ್ತಿರ ಹೋಗಿ ಪಂಪಿನ ನಟ್ಟು ಮುಟ್ಟಿ ನೋಡಿ ಬಂದರು. "ಅರ್ಥ ಆಗಿದೆಯಾ?" ಎಂದು ಕೇಳಿದರು. "ಇಲ್ಲ" ಎಂದೆ. ಸೂಟ್‌ಕೇಸು ಸದ್ದಿಲ್ಲದೆ ಅಂಗಳ ದಾಟಿತು.

ಆಟಿಯ ಮಳೆ ಆ ವರ್ಷ ಚೆನ್ನಾಗಿಯೇ ಹೊಡೆಯಿತು. ಕರೆಂಟು ಹೋಯಿತು, ಇನ್ವರ್ಟರು ಹತ್ತಿತು. ಕೈ ಎತ್ತಿದರೆ ಸೌತೆಕಾಯಿ ಸಿಕ್ಕಿತು. ಪೇಟೆಗೆ ಹೋಗಲಾಗದ ದಿನಗಳಲ್ಲೂ ನನಗೆ ಯಾವುದಕ್ಕೂ ಕೊರತೆಯಾಗಲಿಲ್ಲ. ಯಾವುದೂ ಕೈಕೊಡದಿದ್ದದ್ದೇ ಬೇಸರ ತರುತ್ತಿತ್ತು. ಫೋನು ಮಾಡಿ ದೂರಲು ಏನೂ ಇರಲಿಲ್ಲ. ಭರಣಿಯನ್ನೂ ತೆರೆದೆ. ಸೊಳೆ ಹದವಾಗಿತ್ತು. ಪಲ್ಯ ಮಾಡಿ ಮುಂದಿಟ್ಟುಕೊಂಡವಳು, ತಿನ್ನದೆ ಎದ್ದು ಅದನ್ನು ಆಚೆ ಮನೆಯ ಅಕ್ಕನಿಗೆ ಕೊಟ್ಟು ಬಂದೆ.

ಮಳೆ ಬಿಟ್ಟಿದ್ದ ಒಂದು ಶುಕ್ರವಾರ ಬೆಳಿಗ್ಗೆ ಪಂಪಿಗೆ ಗಾಳಿ ಹಿಡಿಯಿತು. ನೀರು ಕುಡಿಸಿ ಸ್ವಿಚ್ಚು ಹಾಕಿದೆ, ಟ್ಯಾಂಕಿಗೆ ನೀರು ಏರತೊಡಗಿತು. ಅಷ್ಟರಲ್ಲಿ ಅವರ ಫೋನು ಬಂತು. ಶುಕ್ರವಾರ ಅವರಿಗೆ ರಜೆ.

"ಎಲ್ಲ ಸರಿ ಉಂಟಾ?"

"ಏನು ಸರಿ? ಪಂಪಿಗೆ ಗಾಳಿ ಹಿಡಿದಿದೆ. ಎಷ್ಟು ಮಾಡಿದ್ರೂ ನೀರು ಬರುದಿಲ್ಲ."

ಅವರು ಹೇಳಲು ಶುರುಮಾಡಿದರು. ನಟ್ಟು, ಚೊಂಬು, ಗುಳ್ಳೆ. ನಾನು ತಂತಿಯಲ್ಲಿ ಬಟ್ಟೆ ಹರವುತ್ತ ಹೂಂ ಹೂಂ ಎಂದೆ. "ಬಂತಾ?" ಎಂದರು. "ಇಲ್ಲ" ಎಂದೆ. "ಸ್ಪ್ಯಾನರು ಸರಿ ಹಿಡಿದಿದ್ದೀಯಾ?" "ಗೊತ್ತಿಲ್ಲ." ಅವರ ದನಿ ಚುರುಕಾಗಿತ್ತು, ಊರಲ್ಲಿದ್ದಾಗ ಹಾಗಿರಲಿಲ್ಲ. ಮಾತು ಎಷ್ಟೋ ಹೊತ್ತು ನಡೆಯಿತು. ನನಗೆ ಹಸಿವಾಗತೊಡಗಿತು.

ಇದ್ದಕ್ಕಿದ್ದಂತೆ ಆ ಕಡೆಯಿಂದ ಮಾತು ನಿಂತಿತು. ಲೈನು ಹೋಯಿತೇನೋ ಎಂದು ಫೋನನ್ನು ಕಿವಿಗೆ ಒತ್ತಿದೆ.

"ಪಂಪಿನ ಶಬ್ದ ಕೇಳ್ತಾ ಉಂಟು" ಎಂದರು ಅವರು.

ನಾನು ತಿರುಗಿ ನೋಡಿದೆ. ಬಾವಿಯ ಪಕ್ಕದಲ್ಲಿ ಪಂಪು ಗುಂಯ್ ಎಂದು ಓಡುತ್ತಲೇ ಇತ್ತು. ಟ್ಯಾಂಕು ತುಂಬಿ ನೀರು ತಾರಸಿಯಿಂದ ಕೆಳಗಿನ ಡ್ರಮ್ಮಿಗೆ ಸುರಿಯುತ್ತಿತ್ತು. ನಟ್ಟು ಸಡಿಲ ಬಿಟ್ಟು ಅವರ ಮುಖಕ್ಕೆ ನೀರು ಹಾರಿಸಿದ ದಿನ ಅವರು ಮುಖ ಒರೆಸಿಕೊಂಡು ನನ್ನನ್ನೇ ನೋಡಿದ್ದು ನೆನಪಾಯಿತು. ಈ ಮನುಷ್ಯನಿಗೆ ಆವತ್ತೇ ಗೊತ್ತಿತ್ತೇ?

ಕೇಳಲು ಬಾಯಿ ತೆರೆಯುವಷ್ಟರಲ್ಲಿ ಅವರು ಗಂಟಲು ಸರಿಮಾಡಿಕೊಂಡರು.

"ಇರ್ಲಿ. ಅದನ್ನು ಬಂದ್ ಮಾಡು. ನಟ್ಟು ಬಿಚ್ಚು. ಮೊದಲಿನಿಂದ ಹೇಳ್ತೇನೆ."

ನಾನು ಸ್ವಿಚ್ಚು ಆರಿಸಿ, ಸ್ಪ್ಯಾನರು ತೆಗೆದುಕೊಂಡು ಬಾವಿಯ ಕಟ್ಟೆಯ ಮೇಲೆ ಕುಳಿತೆ.