ಅತ್ತೆಗಾಗಿ ಎತ್ತಿಸಿದ ಗಾಡಿ

ನಮ್ಮ ಮನೆಯ ಗಾಡಿಗೆ ಹೊಟ್ಟೆ ದೊಡ್ಡದು, ಕಾಲು ಗಿಡ್ಡ. ಹೀಗೆಂದರೆ ನಮ್ಮನೆಯವರಿಗೆ ಸಿಟ್ಟು ಬರುತ್ತದೆ, ಏಕೆಂದರೆ ಅವರದೂ ಅದೇ ಮೈಕಟ್ಟು. ಹೈದರಾಬಾದಿನ ಜನರನ್ನು ತುಳಜಾಪುರ, ಪಂಢರಪುರ, ಶಿರಡಿ ಎಂದು ವರ್ಷಗಟ್ಟಲೆ ಸುತ್ತಿಸಿ ಸುಸ್ತಾಗಿದ್ದ ಟೂರಿಂಗ್ ಗಾಡಿಯನ್ನು ಅವರು ಕೊಂಡು ತಂದಾಗ, ಬಸವಕಲ್ಯಾಣದ ನಮ್ಮ ಓಣಿಯವರೆಲ್ಲ ಅದರ ಬಣ್ಣ ನೋಡಿ ಹೊಗಳಿದರು. ಕೆಳಗೆ ಅದರ ಭಾರ ಹೊರುವ ಕಮಾನು ಪಟ್ಟಿಗಳು ಸೋತು ಮಲಗಿಬಿಟ್ಟಿದ್ದವು. ಅದನ್ನು ಯಾರೂ ಬಗ್ಗಿ ನೋಡಲಿಲ್ಲ.

ರಸ್ತೆಯ ಉಬ್ಬು ಬಂದಾಗಲೆಲ್ಲ ಗಾಡಿಯ ಹೊಟ್ಟೆ ಖರ್ರೆಂದು ಉಜ್ಜುತ್ತಿತ್ತು. ಅದಕ್ಕೆ ನಮ್ಮನೆಯವರು ಒಂದು ಉಪಾಯ ಕಂಡುಹಿಡಿದರು. ಉಬ್ಬು ಕಂಡ ಕೂಡಲೇ ಅವರು "ಏಳ್ರೀ!" ಎಂದು ಕೂಗುತ್ತಾರೆ. ನಾವೆಲ್ಲ ಮೇಲಿನ ಹಿಡಿಕೆ ಹಿಡಿದು, ಸೀಟಿನಿಂದ ಕುಂಡೆ ಎತ್ತಿ, ಉಸಿರು ಬಿಗಿಹಿಡಿಯಬೇಕು. ಗಾಡಿ ಹಗುರಾಗುತ್ತದಂತೆ! ಕುಂಡೆ ಎತ್ತಿದರೂ ನಮ್ಮ ಭಾರ ಗಾಡಿಯ ಮೇಲೆಯೇ ತಾನೆ ಎಂದು ನಾನು ಕೇಳಿದೆ. "ನಿನಗ ಗಾಡೀದು ಏನ್ ತಿಳೀತದ, ಸುಮ್ನ ಏಳು" ಎಂದರು. ಒಂದೆರಡು ಸಲ ನಿಜವಾಗಿಯೂ ಉಜ್ಜಲಿಲ್ಲ. ಅಷ್ಟೇ ಸಾಕಾಯಿತು, ಅದು ನಮ್ಮ ಮನೆತನದ ಆಚಾರವೇ ಆಗಿಬಿಟ್ಟಿತು. ಬಸ್ಸಿನಲ್ಲಿ ಹುಲಸೂರಿಗೆ ಹೋಗುವಾಗಲೂ ಉಬ್ಬು ಬಂದರೆ ನಾನು ನನಗರಿವಿಲ್ಲದೆ ಏಳುತ್ತಿದ್ದೆ. "ಇಳೀತೀರೇನ್ರಿ ಅಕ್ಕೋರೆ?" ಎಂದು ಕಂಡಕ್ಟರ್ ಸೀಟಿ ಊದುತ್ತಿದ್ದ.

ಹೀಗೇ ಎದ್ದು ಕೂತು ನಮ್ಮ ಸಂಸಾರ ಸಾಗುತ್ತಿತ್ತು. ಗಾಡಿಯನ್ನು ನೆಲದಿಂದ ಮೇಲೆತ್ತಿಸುವ ಮಾತು ಬಂದಿದ್ದು ಅತ್ತೆಯ ಸಲುವಾಗಿ.

ಅತ್ತೆಯ ತವರು ಹುಮನಾಬಾದಿನ ಆಚೆಗಿನ ನಿರ್ಣಾ. ಪ್ರತಿ ನಾಗರ ಪಂಚಮಿಗೆ ಅವರ ಅಣ್ಣ ಬಸ್ಸು ಹತ್ತಿ ಬಂದು ತಂಗಿಯನ್ನು ಕರೆದೊಯ್ಯುತ್ತಿದ್ದರು. ಇಬ್ಬರ ತಲೆಯೂ ಬೆಳ್ಳಗಾದ ಮೇಲೂ ಅದು ತಪ್ಪಿರಲಿಲ್ಲ. ಈ ವರ್ಷ ಅಣ್ಣ ಬಚ್ಚಲಲ್ಲಿ ಜಾರಿ ಬಿದ್ದು ಸೊಂಟ ನೋಯಿಸಿಕೊಂಡರು. ಕೋಲೂರಿಕೊಂಡು ಬಾಗಿಲತನಕ ಬಂದರೆ ಅದೇ ದೊಡ್ಡದು. "ಈ ಸಲ ನೀನೇ ಬಾರವ್ವ, ನನಗ ಬರಾಕ ಆಗಂಗಿಲ್ಲ" ಎಂದು ಫೋನಿನಲ್ಲಿ ಹೇಳಿದರು. ಆದರೆ ಅವರ ಮನೆಗೆ ಹೋಗುವ ದಾರಿಯಲ್ಲಿ ಒಂದು ಮುರುಕು ಮೋರಿ ಇದೆ, ನಮ್ಮ ಗಾಡಿ ಅದನ್ನು ದಾಟುವುದಿಲ್ಲ. ಹಿಂದೊಮ್ಮೆ ಹೋಗಿ ಹೊಟ್ಟೆಯ ಮೇಲೆ ಕೂತುಬಿಟ್ಟಿತ್ತು. ಮೋರಿಯಿಂದ ಮುಂದೆ ನಡೆಯಬೇಕು, ಅತ್ತೆಯ ಮೊಣಕಾಲಿಗೆ ಈ ವರ್ಷ ಅದು ಆಗದ ಮಾತು. ಗಾಡಿ ಬಾಗಿಲತನಕ ಹೋದರೆ ಅಣ್ಣ ತಂಗಿ ಭೇಟಿ, ಇಲ್ಲದಿದ್ದರೆ ಇಲ್ಲ.

ಫೋನು ಇಟ್ಟ ಮೇಲೆ ಅತ್ತೆ ಮಾತೇ ಬಿಟ್ಟರು. ನನ್ನ ಸಾರಿಗೆ ಉಪ್ಪು ಕಡಿಮೆ ಎನ್ನಲಿಲ್ಲ, ನನ್ನ ತವರಿನವರನ್ನು ಆಡಿಕೊಳ್ಳಲಿಲ್ಲ. ಇಷ್ಟು ವರ್ಷ ಆ ಬಾಯಿ ಮುಚ್ಚಲಿ ಎಂದು ಹರಕೆ ಹೊತ್ತವಳು ನಾನೇ. ಮುಚ್ಚಿದಾಗ ನನಗೇ ಸಂಕಟವಾಯಿತು. "ನಿಮ್ಮವ್ವನ ಸಲುವಾಗಿ ಆ ಗಾಡಿ ಅನ್ನೋ ಎಮ್ಮೀನ ಎಬ್ಬಿಸಿ ನಿಲ್ಲಿಸ್ತೀರೋ ಇಲ್ಲೋ?" ಎಂದು ಗಂಡನ ಬೆನ್ನು ಹತ್ತಿದೆ.

ಹುಮನಾಬಾದಿನಲ್ಲಿ ಹೆದ್ದಾರಿ ಪಕ್ಕ ಲಾರಿಗಳನ್ನು ರಿಪೇರಿ ಮಾಡುವ ಒಬ್ಬ ಮಿಸ್ತ್ರಿ ಇದ್ದ, ದೊಡ್ಡ ಮಾತಿನವನು. ಗಾಡಿಯ ಕೆಳಗೆ ತೂರಿ ಹೋಗಿ, ಹೊರಬಂದು ಮುಖ ಒರೆಸಿಕೊಂಡ. "ಸೇಠ್‌ಜಿ, ಕೆಳಗ ಏನೂ ಉಳಿದಿಲ್ರಿ. ಬುಶ್ ಪುಡಿಪುಡಿ, ಶಾಕಪ್ಸರ್ ಖತಮ್. ಕಮಾನ್ ಪಟ್ಟಾ ಪೂರಾ ಬಿಚ್ಚಿ, ಹೊಸಾ ಪಟ್ಟಾ ಸೇರಿಸಿ ಎತ್ತಿ ಕೊಡ್ತೀನಿ. ಆದ್ರ ಖರೆ ಹೇಳ್ರಿ, ಎಷ್ಟ್ ಮಂದಿ ಕೂಡ್ತೀರಿ? ಸಾಮಾನು ಎಷ್ಟ್? ಅದರ ಹಿಸಾಬಿನಾಗ ಪಟ್ಟಾ ಹಾಕ್ಬೇಕಾಗ್ತದ."

ನಮ್ಮನೆಯವರು ಕಿರಾಣಿ ಅಂಗಡಿಯವರು. ಹತ್ತು ಕೇಳಿದರೆ ಐದಾದರೂ ಕೈಗೆ ಬರುತ್ತದೆ ಎಂಬುದು ಅವರ ಧರ್ಮ. ಹೆಣ್ಣು ನೋಡಲು ಬಂದಾಗ ತಮ್ಮ ಎತ್ತರವನ್ನೂ ಜಾಸ್ತಿಯೇ ಹೇಳಿದ್ದರು. ಮನೆಯಲ್ಲಿ ನಾವಿರುವುದು ಐದು ಜನ. "ಹನ್ನೆರಡು ಮಂದಿ ಕೂಡ್ತೀವಿ" ಎಂದರು. "ಹಿಂದ ತೊಗರಿ ಚೀಲ ಇರ್ತಾವ. ಮ್ಯಾಲ ಒಂದು ಮಂಚ." ಮಂಚ ಏತಕ್ಕೆ ಎಂದು ನಾನು ಅವರನ್ನು ಚಿವುಟಿದೆ. "ನೀ ಸುಮ್ನಿರು" ಎಂದು ಕಣ್ಣು ಬಿಟ್ಟರು.

ಮಿಸ್ತ್ರಿಯದು ಬೇರೆಯೇ ಧರ್ಮವಾಗಿತ್ತು, ಅದು ನಮಗೆ ಗೊತ್ತಿರಲಿಲ್ಲ. ಅವನಿಗೆ ದಿನಾ ಸಿಗುವವರು ಲಾರಿ ಮಾಲೀಕರು. ಅವರು ಹೇರುವ ಭಾರವನ್ನು ಯಾವಾಗಲೂ ಕಡಿಮೆ ಹೇಳುವವರು. ಹೀಗಾಗಿ ಯಾರು ಏನೇ ಹೇಳಲಿ, ಅವನು ತನ್ನ ಮನಸ್ಸಿನಲ್ಲೇ ಅದಕ್ಕೆ ಇನ್ನರ್ಧ ಸೇರಿಸಿಕೊಳ್ಳುತ್ತಿದ್ದ. ನನ್ನ ಗಂಡನ ಸುಳ್ಳಿನ ಮೇಲೆ ಅವನ ಅನುಮಾನ ಕೂತು, ಎರಡೂ ಸೇರಿ ನಮ್ಮ ಗಾಡಿಯ ಕೆಳಗೆ ಪಟ್ಟಿಗಳಾದವು.

ಪಂಚಮಿಯ ಹಿಂದಿನ ದಿನ ಗಾಡಿ ತರಲು ಹೋದೆವು. ಗ್ಯಾರೇಜಿನ ಮುಂದೆ ಒಂಟೆ ನಿಂತ ಹಾಗೆ ನಿಂತಿತ್ತು. ಹಿಂಭಾಗ ಇನ್ನೂ ಎತ್ತರ, ಮುಂದೆ ಬಾಗಿ ಏನೋ ಹುಡುಕುತ್ತಿರುವ ಹಾಗೆ. "ಈಗ ಹನ್ನೆರಡಲ್ಲ, ಇಡೀ ಮದುವಿ ಬಾರಾತ್ ಹತ್ತಿಸ್ರಿ!" ಎಂದು ಮಿಸ್ತ್ರಿ ಅದರ ಬೆನ್ನು ತಟ್ಟಿದ. ನಮ್ಮನೆಯವರ ಮುಖ ಅರಳಿತು. ಹತ್ತುವಾಗ ನಾನು ಸೀರೆ ಎತ್ತಿ ಕಟ್ಟಬೇಕಾಯಿತು. ದಾರಿಯಲ್ಲಿ ಮೊದಲ ಉಬ್ಬು ಬಂತು. ರೂಢಿ ಬಿಡುತ್ತದೆಯೇ? "ಏಳ್ರೀ!" ಎಂದರು, ಎದ್ದೆವು. ಇಬ್ಬರೇ ಕೂತಿದ್ದರಿಂದ ಬಿಗಿಯಾಗಿದ್ದ ಗಾಡಿ ಉಬ್ಬಿಗೆ ತಾಕಿ ಪುಟಿದು ಹಾರಿತು. ನಮ್ಮಿಬ್ಬರ ತಲೆಯೂ ಮೇಲಿನ ತಗಡಿಗೆ ಒಟ್ಟಿಗೇ ಬಡಿಯಿತು. ಮನೆ ಮುಟ್ಟುವವರೆಗೆ ನಾನು ಬೈದೆ, ಅವರು ತಲೆಯ ಮೇಲೆದ್ದ ಬುಗುಟೆ ಸವರಿಕೊಂಡರು.

ಮನೆಯ ಮುಂದೆ ಅತ್ತೆ ಗಾಡಿಯನ್ನು ಸುತ್ತ ನೋಡಿದರು. ಒಂದು ಕಾಲು ಎತ್ತಿದರು. ಮೊಣಕಾಲು ಅರ್ಧಕ್ಕೇ ನಿಂತಿತು. ಮತ್ತೆ ಎತ್ತಿದರು, ಮತ್ತೆ ಅಷ್ಟೇ. ತಿರುಗಿ ಒಳಗೆ ಹೋದರು. ನಮ್ಮನೆಯವರು ಮಿಸ್ತ್ರಿಗೆ ಫೋನು ಮಾಡಿದರೆ, "ಹಬ್ಬ ಮುಗಿಸಿ ಬರ್ರಿ, ಹುಡುಗ್ರೆಲ್ಲ ಊರಿಗೆ ಹೋಗ್ಯಾರ" ಎಂದ. ನನಗೆ ನೆತ್ತಿ ಉರಿಯಿತು. "ಯಾರ ಸಲುವಾಗಿ ಎತ್ತಿಸಿದಿರೋ ಅವರೇ ಹತ್ತಾಕ ಆಗಂಗಿಲ್ಲ. ಇನ್ನ ಆ ಮಂಚ ಹೇರ್ಕೊಂಡು ನೀವೇ ಹೋಗ್ರಿ!" ಎಂದೆ. ಪಾಪ, ಅವರು ಊಟ ಮಾಡಲಿಲ್ಲ.

ಬೆಳಿಗ್ಗೆ ಅವರಿಗೇ ಹೊಳೆಯಿತು. ಅಂಗಡಿಯ ಮುಂದೆ ಚೀಲ ಹೇರುವ ಕಟ್ಟೆ ಇದೆಯಲ್ಲ. ಗಾಡಿಯನ್ನು ಅದಕ್ಕೆ ಒತ್ತಿ ನಿಲ್ಲಿಸಿದರು. ಹೊಸ ಸೀರೆ ಉಟ್ಟು, ಶೇಂಗಾ ಉಂಡಿಯ ಡಬ್ಬಿ ಹಿಡಿದು ಅತ್ತೆ ಕಟ್ಟೆಯಿಂದ ನೇರ ಸೀಟಿಗೆ ಹೋಗಿ ಕೂತರು. ನಾವೆಲ್ಲ ಚಪ್ಪಾಳೆ ತಟ್ಟಿದೆವು. ಹತ್ತಿಸಿದವರನ್ನು ಇಳಿಸಬೇಕಾಗುತ್ತದೆ ಎಂಬುದು ಇಷ್ಟು ಜನರಲ್ಲಿ ಒಬ್ಬರ ತಲೆಗೂ ಬರಲಿಲ್ಲ.

ಮುರುಕು ಮೋರಿಯನ್ನು ಗಾಡಿ ಮೇಕೆಯ ಹಾಗೆ ದಾಟಿತು. ತವರಿನ ಬಾಗಿಲ ಮುಂದೆಯೇ ನಿಂತಿತು. ಕೋಲೂರಿಕೊಂಡು ಹೊಸ್ತಿಲಲ್ಲಿ ನಿಂತಿದ್ದ ಅಣ್ಣ, "ಬಂದ್ಯಾ?" ಎಂದರು. "ಬಂದ್ನೋ ಅಣ್ಣಾ" ಎಂದು ಅತ್ತೆ ಬಾಗಿಲು ತೆಗೆದು ಕಾಲು ಹೊರಗೆ ಇಳಿಬಿಟ್ಟರು. ಕಾಲು ಗಾಳಿಯಲ್ಲಿ ತೂಗಾಡಿತು. ಆ ಮನೆಗೆ ಕಟ್ಟೆಯೇ ಇಲ್ಲ.

ಸ್ಟೂಲು ತಂದರು, ಅಲುಗಾಡಿತು. ಅಣ್ಣನ ಮಕ್ಕಳು ಎತ್ತಿಕೊಳ್ಳುತ್ತೇವೆ ಎಂದು ಬಂದರು. "ಹೆಣಾ ಹೊತ್ತಂಗ ನನ್ನ ತವರಿಗೆ ಹೊರಬ್ಯಾಡ್ರಿ!" ಎಂದು ಅತ್ತೆ ಗದರಿದರು. ಹಬ್ಬದ ದಿನ ಎಂಥ ಮಾತು ಎಂದು ಎಲ್ಲರೂ ಹಿಂದೆ ಸರಿದರು. ಅಣ್ಣನಿಗೆ ಮೇಲೆ ಹತ್ತಲಾಗದು, ತಂಗಿಗೆ ಕೆಳಗೆ ಇಳಿಯಲಾಗದು. ಅತ್ತೆಯ ಕಣ್ಣು ತುಂಬಿತು. ಇಷ್ಟು ದೂರ ತಂದು ಇಷ್ಟಕ್ಕೆ ನಿಲ್ಲಿಸಿದೆವಲ್ಲ ಎಂದು ನನಗೂ ಅಳು ಬಂತು, ಗಂಡನಿಗೆ ಎರಡು ಬಾರಿಸೋಣವೆಂದೂ ಅನ್ನಿಸಿತು.

ಅಣ್ಣ ಕೋಲೆತ್ತಿ ಅಂಗಳದ ಬೇವಿನ ಮರ ತೋರಿಸಿದರು. ಪಂಚಮಿಯ ಜೋಕಾಲಿ ಕಟ್ಟಿತ್ತು, ಹೆಣ್ಣುಮಕ್ಕಳು ಜೀಕುತ್ತಿದ್ದರು. "ಗಾಡಿ ಅಲ್ಲಿ ಒಯ್ಯೋ" ಎಂದರು.

ಗಾಡಿಯನ್ನು ಮರದ ಪಕ್ಕ ನಿಲ್ಲಿಸಲಾಯಿತು. ಹೆಣ್ಣುಮಕ್ಕಳು ಜೋಕಾಲಿಯ ಹಲಗೆಯನ್ನು ಹಿಂದಕ್ಕೆಳೆದು, ಎತ್ತಿ, ಗಾಡಿಯ ಬಾಗಿಲಿಗೆ ಹಿಡಿದರು.

"ಅಯ್ಯ, ಈ ವಯಸ್ಸಿನಾಗ?" ಎಂದರು ಅತ್ತೆ.

"ನಿನ್ನ ವಯಸ್ಸು ಜೋಕಾಲಿಗೆ ಏನ್ ಗೊತ್ತು? ಕೂಡು" ಎಂದರು ಅಣ್ಣ.

ಅತ್ತೆ ಉಂಡಿಯ ಡಬ್ಬಿ ನನಗೆ ಕೊಟ್ಟು, ಹಗ್ಗ ಹಿಡಿದು, ಮೆಲ್ಲಗೆ ಹಲಗೆಗೆ ಜರುಗಿದರು. ಎಲ್ಲರೂ ಹಲಗೆ ಹಿಡಿದುಕೊಂಡೇ ಹೆಜ್ಜೆ ಹೆಜ್ಜೆಯಾಗಿ ಇಳಿಸಿದರು. ಅವರ ಪಾದ ತವರಿನ ಮಣ್ಣಿಗೆ ತಾಗಿತು. ನಾನು ಬಿಗಿಹಿಡಿದ ಉಸಿರು ಬಿಟ್ಟೆ.

ಕೋಲೂರುತ್ತ ಅಣ್ಣ ಹತ್ತಿರ ಬಂದು, ಏಳಲಿ ಎಂದು ಕೈ ಚಾಚಿದರು. ಅತ್ತೆ ಏಳಲಿಲ್ಲ. ನಮ್ಮನ್ನೆಲ್ಲ ಒಮ್ಮೆ ನೋಡಿ, ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡರು.

"ಅಣ್ಣಾ, ಒಂದ್ ಸಲ ತೂಗು."

ಅವರು ಕೋಲು ಬಿಸಾಕಿ, ಎರಡೂ ಕೈಯಿಂದ ತೂಗಿದರು.