ಬಟ್ಟೆಯ ಮೇಲಿನ ಮುಖ

ಒಂದೇ ಅಂಗಳದ ಸುತ್ತ ಹತ್ತಾರು ಬಿಡಾರಗಳಿದ್ದ ನಮ್ಮ ಸದಾಶಿವ ಪೇಠದ ವಾಡೆಯಲ್ಲಿ ಧಾರವಾಡದ ಕಡೆಯ ಪೇಂಟರ್ ಒಬ್ಬರಿದ್ದರು. ಥಿಯೇಟರಿನ ಬಾಗಿಲ ಮೇಲೆ ತೂಗುವ ಸಿನಿಮಾ ಚಿತ್ರಗಳನ್ನು ಅಂಗಳದಲ್ಲೇ ದೊಡ್ಡ ಬಟ್ಟೆಯ ಮೇಲೆ ಬರೆಯುತ್ತಿದ್ದರು. ನಾಯಕಿಯ ಕೆನ್ನೆಗೆ ಹಸಿರು ಬಳಿದದ್ದನ್ನು ಕಂಡು ಯಾರಾದರೂ ನಕ್ಕರೆ, "ದೂರ ನಿಂತು ನೋಡ್ರಿ" ಎನ್ನುತ್ತಿದ್ದರು. ಹತ್ತು ಹೆಜ್ಜೆ ಹಿಂದೆ ಸರಿದರೆ ಹಸಿರು ಕಾಣದೆ ಕೆನ್ನೆಗೆ ಜೀವ ಬಂದಿರುತ್ತಿತ್ತು.

ಒಮ್ಮೆ ಮುಂಬಯಿಯಿಂದ ನಟಿಯ ಫೋಟೋ ಬರಲೇ ಇಲ್ಲ. ಶುಕ್ರವಾರವೇ ಆಟ ಶುರು. ಪೇಂಟರು ಕುಣಿಯುವವಳ ಮೈ ಬರೆದು, ಅದಕ್ಕೆ ನೆನಪಿನಿಂದ ಒಂದು ಮುಖ ಕೂಡಿಸಿದರು. ಅವರ ಕೈಗೆ ನೆನಪಿದ್ದ ಮುಖ ಒಂದೇ, ಹೆಂಡತಿಯದು.

ಥಿಯೇಟರ್ ಮುಂದೆ ಹಾದುಬಂದಿದ್ದ ಹೆಂಗಸರು ಮರುದಿನ ನಳದ ಹತ್ತಿರ ಆಕೆಯನ್ನು ಹಿಡಿದರು. "ಏನವಾ, ಗೆಜ್ಜಿ ಮನ್ಯಾಗ ಬಿಟ್ಟು ಬಂದೀಯೇನ?" ಆಕೆ ಖಾಲಿ ಕೊಡ ಹಿಡಿದು ತಿರುಗಿ ಬಂದಳು.

"ಅಷ್ಟ ದೂರದಿಂದ ಯಾರಿಗ ತಿಳೀತದ?" ಎಂದರು ಪೇಂಟರು.

"ದೂರ ನಿಂತು ನೋಡಿದವ್ರ ನನ್ನ ಗುರ್ತು ಹಿಡದಾರ್ರಿ."

ಅವರು ಥಿಯೇಟರಿಗೆ ಓಡಿ ಚಿತ್ರ ಇಳಿಸಿರೆಂದು ಬೇಡಿಕೊಂಡರು. ದಿನವೂ ಜನ ತುಂಬುತ್ತಿದ್ದರು, ಮ್ಯಾನೇಜರು ಒಪ್ಪಲಿಲ್ಲ. ಆಕೆ ಹೊಸ್ತಿಲು ದಾಟುವುದನ್ನೇ ಬಿಟ್ಟಳು. ಮೂರನೆಯ ವಾರ ಆಕೆಯ ಅಣ್ಣ ಬಂದು ಧಾರವಾಡಕ್ಕೆ ಕರೆದೊಯ್ದ. ಮತ್ತೆ ಆಕೆ ಬರಲಿಲ್ಲ.

ಸಿನಿಮಾ ಬದಲಾದಾಗ ಬಟ್ಟೆ ಪೇಂಟರ ಕೈಗೆ ಮರಳಿತು. ಹಳೆಯ ಚಿತ್ರಕ್ಕೆ ಸುಣ್ಣ ಬಳಿದು ಅದರ ಮೇಲೆ ಹೊಸದು ಬರೆಯುವುದು ಪದ್ಧತಿ. ಪಾದದಿಂದ ಬಳಿಯುತ್ತ ಬಂದವರು ಕುತ್ತಿಗೆಯ ಹತ್ತಿರ ನಿಂತರು.

"ಭಾಳ ಛಲೋ ಬಂದಿತ್ತಲ್ರಿ" ಎಂದೆ.

"ಬಂದಿತ್ರಿ. ಬರಿಯೂಕಿಂತ ಮೊದಲ ಅಕಿನ್ನ ಒಂದ ಮಾತು ಕೇಳಬೇಕಾಗಿತ್ತು" ಎಂದು ಕುಂಚವನ್ನು ಸುಣ್ಣದಲ್ಲಿ ಅದ್ದಿದರು.